ದೋಣಿ ಮಲಗುವ ದಂಡೆ

ನಮ್ಮ ಊರಿನ ಜೊತೆ ನಿಮ್ಮ ಊರಿಗೆ ಏನಾದರೂ ಒಪ್ಪಂದ ಆಗಬೇಕಿದ್ದರೆ, ಮೊದಲು ಒಂದಿಷ್ಟು ಕಾಯಿಲೆ ಬಿದ್ದು ಆಮೇಲೆ ಬನ್ನಿ. ಗಟ್ಟಿಮುಟ್ಟಾಗಿ ಬಂದರೂ ಬೇಡ ಅನ್ನುವುದಿಲ್ಲ. ಊಟ ಹಾಕುತ್ತೇವೆ, ಎಲೆ ಅಡಿಕೆ ಕೊಡುತ್ತೇವೆ, ಊರೆಲ್ಲ ತೋರಿಸಿ ಕಳಿಸಿಕೊಡುತ್ತೇವೆ. ಒಪ್ಪಂದ ಮಾತ್ರ ಆಗುವುದಿಲ್ಲ.

ಎರಡು ಊರುಗಳ ನಡುವಿನ ಮಾತು ನಮ್ಮಲ್ಲಿ ನಿಲ್ಲುವುದು ಗಂಟಿನಲ್ಲಿ. ಆಸ್ಪತ್ರೆಯ ಬ್ಯಾಂಡೇಜು ಬಟ್ಟೆಯ ಒಂದು ತುದಿಯನ್ನು ಅವರು ಹಿಡಿಯುತ್ತಾರೆ, ಇನ್ನೊಂದು ತುದಿಯನ್ನು ನಾವು. ಇಬ್ಬರೂ ಸೇರಿ ರೋಗಿಯ ಮಂಚದ ಕಂಬಿಗೆ ಗಂಟು ಹಾಕುತ್ತಾರೆ. ಹಾಕಿದವರಲ್ಲಿ ಒಬ್ಬರಿಗಾದರೂ ಮೈ ಸರಿಯಿಲ್ಲದಿದ್ದರೆ ಗಂಟು ನಿಲ್ಲುತ್ತದೆ. ಇಬ್ಬರೂ ಆರೋಗ್ಯವಾಗಿದ್ದರೆ ಬೆಳಗಾಗುವಷ್ಟರಲ್ಲಿ ತಾನಾಗಿ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿರುತ್ತದೆ. ಯಾಕೆ ಹೀಗೆ ಎಂದು ಕೇಳಬೇಡಿ. ಮಳೆ ಯಾಕೆ ಮೇಲಿನಿಂದಲೇ ಬೀಳುತ್ತದೆ ಎಂದು ನಿಮ್ಮ ಊರಿನಲ್ಲಿ ಯಾರಾದರೂ ಕೇಳುತ್ತಾರೆಯೆ? ಊರೊಳಗಿನ ಮಾತಿಗೆ ಈ ನಿಯಮವಿಲ್ಲ. ಊರೊಳಗೆ ಆರೋಗ್ಯವಂತರೂ ಧಾರಾಳವಾಗಿ ಮಾತು ಕೊಡಬಹುದು, ಅಷ್ಟೇ ಧಾರಾಳವಾಗಿ ತಪ್ಪಬಹುದು.

ಇದರಿಂದ ಆದದ್ದೇನೆಂದರೆ, ಊರಿನ ಹೊರಗಿನ ವ್ಯವಹಾರವೆಲ್ಲ ಆಸ್ಪತ್ರೆಯ ವಾರ್ಡಿಗೆ ಬಂದು ಸೇರಿತು. ವಾರ್ಡಿನಲ್ಲಿ ಇರುವವರು ಸಿಸ್ಟರುಗಳು. ಹಾಗಾಗಿ ವಿದೇಶಾಂಗದ ವಿದ್ಯೆ ಅವರ ಸೊತ್ತಾಯಿತು. ಬೇರೆ ಊರುಗಳಲ್ಲಿ ಈ ಕೆಲಸಕ್ಕೆ ಕೋಟು ತೊಟ್ಟ ಗಂಡಸರು ಇರುತ್ತಾರಂತೆ. ನಮ್ಮಲ್ಲಿ ಈ ಮಾತು ಹೇಳಿದರೆ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಗುತ್ತಾರೆ. ಎದುರಿಗಿರುವವನಿಗೆ ಬಾಯಾರಿದೆಯೋ ಇಲ್ಲವೋ ಅಷ್ಟೂ ಗೊತ್ತಾಗದ ಗಂಡಸು ಸಂಧಾನ ಮಾಡುವುದುಂಟೆ? ಹಿಂದೆ ಒಮ್ಮೆ ಊರಿನ ಹಿರಿಯರು ಸಿಸ್ಟರುಗಳನ್ನು ಬದಿಗಿಟ್ಟು, ಪುರಸಭೆಯ ಸಭಾಂಗಣದಲ್ಲಿ ತಾವೇ ಹೋಳಿಗೆ ಊಟದ ನಂತರ ಗಂಟು ಹಾಕಿದ್ದರು. ಬೆಳಿಗ್ಗೆ ಬಟ್ಟೆ ನೆಲದ ಮೇಲಿತ್ತು. ಅಂದಿನಿಂದ ಗಂಡಸರು ಆ ಕಡೆ ತಲೆ ಹಾಕಿಲ್ಲ.

ಆಸ್ಪತ್ರೆಯ ಮಹಡಿಯ ಮೇಲೆ 'ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನ ವಿಭಾಗ' ಎಂದು ಬೋರ್ಡಿದೆ. ಮೆಟ್ಟಿಲು ಹತ್ತುವಾಗಲೇ ಫಿನಾಯಿಲ್ ವಾಸನೆ ಬರುತ್ತದೆ. ಒಳಗೆ ಗೋಡೆಯ ತುಂಬ ಹಳೆಯ ಗಂಟುಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ತೂಗುಹಾಕಿದ್ದಾರೆ. ಪ್ರತಿ ಒಪ್ಪಂದಕ್ಕೂ ಅದನ್ನು ಹಿಡಿದು ನಿಲ್ಲಿಸಿದ ಕಾಯಿಲೆಯ ಹೆಸರು. ಹಲ್ಲುನೋವಿನ ಒಪ್ಪಂದ, ನಾಯಿಕೆಮ್ಮಿನ ಒಪ್ಪಂದ, ಎರಡೂ ಕಡೆಯವರು ನಿಂತುಕೊಂಡೇ ಮಾತು ಮುಗಿಸಿದ ಮೂಲವ್ಯಾಧಿ ಒಪ್ಪಂದ. ಹೆಸರು ಕೊಟ್ಟ ರೋಗಿ ಹುಣ್ಣಿಮೆಯವರೆಗೆ ಆ ಮಂಚದಿಂದ ಇಳಿಯುವಂತಿಲ್ಲ, ಇಳಿದರೆ ಗಂಟು ಸಡಿಲವಾಗುತ್ತದೆ. ಸಿಸ್ಟರುಗಳು ಇವುಗಳ ಮೇಲೆ ಪ್ರಬಂಧ ಬರೆಯುತ್ತಾರೆ, ಒಬ್ಬರ ಪ್ರಬಂಧಕ್ಕೆ ಇನ್ನೊಬ್ಬರು ಮೂಗು ಮುರಿಯುತ್ತಾರೆ, ವರ್ಷಕ್ಕೊಮ್ಮೆ ವಿಚಾರ ಸಂಕಿರಣ ನಡೆಸಿ ಪರಸ್ಪರ ಶಾಲು ಹೊದಿಸುತ್ತಾರೆ. ಪಾಠ ಶುರುವಾಗುವುದು ಶುಶ್ರೂಷೆಯ ಇತಿಹಾಸದಿಂದ. ಮೊಟ್ಟಮೊದಲ ಗಂಟು ಹಾಕಿದ ದೊಡ್ಡ ಸಿಸ್ಟರ್ ರೆಬೆಕ್ಕಮ್ಮನವರ ಫೋಟೋ ಇಲ್ಲಿಯೂ ಕೆಳಗೆ ವಾರ್ಡಿನಲ್ಲೂ ಬಾಗಿಲ ಮೇಲಿದೆ. ಒಂದು ಕೈಯನ್ನು ಕಿಟಕಿಯ ಸರಳಿಗೆ ಊರಿ ನಿಂತಿದ್ದಾರೆ. ಅದು ಅಧಿಕಾರದ ಭಂಗಿ ಎಂದು ಒಬ್ಬರು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ರೆಬೆಕ್ಕಮ್ಮ ಜೀವಮಾನದಲ್ಲಿ ಒಂದು ದಿನವೂ ಕಾಯಿಲೆ ಬಿದ್ದವರಲ್ಲ ಎಂಬುದು ಆ ಪುಸ್ತಕದ ಮೊದಲ ವಾಕ್ಯ. ಅದಕ್ಕೇ ಏನೋ, ಕಾಯಿಲೆ ಬಿದ್ದ ಸಿಸ್ಟರನ್ನು ವಾರ್ಡಿನಿಂದ ಇಳಿಸಿ ಔಷಧಿ ಉಗ್ರಾಣಕ್ಕೆ ಹಾಕುವುದು ಇಲ್ಲಿಯ ಪದ್ಧತಿ. ಹಾಗಾಗಿ ಯಾರೂ ಕಾಯಿಲೆ ಬೀಳುವುದಿಲ್ಲ.

ನಾನು ಶಿವನಂಜಪ್ಪ, ಟೇಲರ್. ಸಿಸ್ಟರುಗಳ ಬಿಳಿ ಸಮವಸ್ತ್ರ ಹೊಲಿಯುವವನು ನಾನೇ. ಕ್ವಾರ್ಟರ್ಸಿನ ಮುಂದೆ ಗಂಡಂದಿರ ಕಟ್ಟೆ ಅಂತ ಒಂದಿದೆ. ಸಂಜೆ ಅನ್ನಕ್ಕಿಟ್ಟು ಬಂದು ಅಲ್ಲಿ ಕೂರುತ್ತೇವೆ. ಹೊರಗಿನ ವ್ಯವಹಾರದ ಬಗ್ಗೆ ನಮಗೂ ಅಭಿಪ್ರಾಯಗಳಿವೆ, ಆದರೆ ಹೇಳಿದರೆ ಹೆಂಡತಿಯರು "ಹೌದಾ, ಚೆನ್ನಾಗಿ ಯೋಚ್ನೆ ಮಾಡಿದ್ದೀರ" ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿ ಒಳಗೆ ಹೋಗುತ್ತಾರೆ. ಆದ್ದರಿಂದ ನಾವು ಹೆಚ್ಚಾಗಿ ಎಣ್ಣೆಗಳ ಬಗ್ಗೆ ಮಾತಾಡುತ್ತೇವೆ. ಸೊಂಟಕ್ಕೆ ಎಳ್ಳೆಣ್ಣೆ ಒಳ್ಳೆಯದೋ ಹರಳೆಣ್ಣೆ ಒಳ್ಳೆಯದೋ, ಕಾಲಿನ ಊತಕ್ಕೆ ಉಪ್ಪಿನ ಶಾಖ ಎಷ್ಟು ಹೊತ್ತು ಕೊಡಬೇಕು, ಇಂಥವು. ಆ ಎಣ್ಣೆ ಯಾರ ಸೊಂಟಕ್ಕೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಕಟ್ಟೆಯ ಮರ್ಯಾದೆ.

ನನ್ನ ಹೆಂಡತಿ ಸರ್ವಮಂಗಳ ವಿಭಾಗದ ಮುಖ್ಯಸ್ಥೆ. ಊರೆಲ್ಲ ಪ್ರೊಫೆಸರ್ ಸಿಸ್ಟರ್ ಅನ್ನುತ್ತದೆ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲ, ನದಿಯ ಆಚೆಯ ಮುಖಂಡರ ಮೂರು ತಲೆಮಾರಿನ ಪಿತ್ತಕೋಶದ ಸ್ಥಿತಿ ಮಾತ್ರ ಬಾಯಿಪಾಠ. ಅವಳ ಹೆಸರು ನಿಂತದ್ದು 'ಉಳಿಕೆ ಜ್ವರ'ದ ಸಿದ್ಧಾಂತದಿಂದ. ರಾಯಭಾರಿಯ ಜ್ವರವನ್ನು ಪೂರ್ತಿ ಇಳಿಸಬಾರದು, ಪೂರ್ತಿ ಏರಲೂ ಬಿಡಬಾರದು, ಗಂಟು ಹಾಕುವವರೆಗೆ ಮೈಯಲ್ಲಿ ಒಂದಿಷ್ಟು ಉಳಿಸಿಕೊಂಡಿರಬೇಕು ಎಂಬುದು ಅದರ ಸಾರ. ಇದಕ್ಕೆ ವಿರುದ್ಧವಾಗಿ ಸಿಸ್ಟರ್ ಜಲಜಾಕ್ಷಿ ಎಂಬವರು ಜ್ವರ ನೆತ್ತಿಗೇರಿದಾಗಲೇ ಕಟ್ಟಿಬಿಡಬೇಕು ಎಂದು ವಾದಿಸುತ್ತಾರೆ. ಇವರಿಬ್ಬರೂ ಒಂದೇ ಮೇಜಿನಲ್ಲಿ ಕೂತು ಕಾಫಿ ಕುಡಿದು ನಾನು ನೋಡಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಕೈ ಚೆಲ್ಲಿದ್ದರು. ಹಿಂದೆ 'ನೆಗಡಿ ಒಪ್ಪಂದ' ಅಂತ ಒಂದಾಗಿತ್ತು. ಬಂದಿದ್ದ ರಾಯಭಾರಿ ಮಹಾ ಕಿಲಾಡಿ. ಅವನಿಗೆ ನೆಗಡಿ ಇರಲೇ ಇಲ್ಲ, ಮೂಗಿಗೆ ನಶ್ಯ ಏರಿಸಿ ಸೀನುತ್ತಿದ್ದ. ಆದರೂ ಗಂಟು ಬೆಳಿಗ್ಗೆಯವರೆಗೆ ನಿಂತಿತು. ಅದಕ್ಕೆ ನೆಗಡಿ ಎಂದು ಹೆಸರಿಟ್ಟರು, ಆಚೆ ದಂಡೆಗೆ ದೋಣಿ ಹೊರಟಿತು, ನಡುನೀರಿನಲ್ಲಿದ್ದಾಗ ಇಲ್ಲಿ ಗಂಟು ಬಿಚ್ಚಿಕೊಂಡಿತು. ದೋಣಿಯಲ್ಲಿದ್ದ ಮದುವೆಯ ದಿಬ್ಬಣ ವಾಲಗದ ಸಮೇತ ಎಲ್ಲೋ ಕೆಳಗಿನ ಊರಿಗೆ ಹೋಗಿ ತಲುಪಿತು. ಸುಳ್ಳು ಹೆಸರಿಟ್ಟರೆ ಗಂಟು ಬಿಚ್ಚುತ್ತದೆ ಎಂಬುದು ಅಂದಿನಿಂದ ಎಲ್ಲರಿಗೂ ಗೊತ್ತಾಯಿತು. ಆದರೆ ಇಬ್ಬರೂ ಆರೋಗ್ಯವಾಗಿದ್ದ ಮೇಲೆ ಅದು ಬೆಳಿಗ್ಗೆಯವರೆಗಾದರೂ ಹೇಗೆ ನಿಂತಿತು? ಈ ಪ್ರಶ್ನೆಗೆ ತಲೆ ಕೆರೆದುಕೊಂಡು ಎಷ್ಟೋ ಸಿಸ್ಟರುಗಳ ಕೂದಲು ಬೆಳ್ಳಗಾಗಿದೆ.

ಈಗ ದೋಣಿಯ ವಿಷಯಕ್ಕೆ ಬರುತ್ತೇನೆ. ನಮಗೂ ಆಚೆ ದಂಡೆಯವರಿಗೂ ಸೇರಿ ಇರುವುದು ಒಂದೇ ದೊಡ್ಡ ದೋಣಿ. ಅದು ರಾತ್ರಿ ಯಾವ ದಂಡೆಯಲ್ಲಿ ಮಲಗಬೇಕು ಎನ್ನುವುದು ಜಗಳ. ದೋಣಿ ಮಲಗಿದ ದಂಡೆಯವರಿಗೆ ಬೆಳಗಿನ ಮೊದಲ ಸರದಿ, ಅದಕ್ಕಿಂತ ಹೆಚ್ಚಾಗಿ ದೋಣಿ ನಮ್ಮದು ಎನ್ನುವ ಜಂಬ. ಹಳೆಯ ಒಪ್ಪಂದದ ಅವಧಿ ಯುಗಾದಿಗೆ ಮುಗಿಯಿತು. ಹೊಸದಕ್ಕೆ ಮಾತು ಕೂಡಿಬರಲಿಲ್ಲ. ದೋಣಿಯನ್ನು ನದಿಯ ನಡುವಿನ ಬಂಡೆಗೆ ಕಟ್ಟಿಹಾಕಿ ಎರಡೂ ಕಡೆಯವರು ದೂರದಿಂದ ನೋಡುತ್ತ ಕೂತರು. ರಾಯಭಾರಿಯ ಹರಿಗೋಲೊಂದು ಬಿಟ್ಟರೆ ನೀರಿನ ಮೇಲೆ ಏನೂ ಓಡಾಡುವ ಹಾಗಿರಲಿಲ್ಲ. ಆ ಹರಿಗೋಲಿನಲ್ಲಿ ಬೇರೆಯವರು ಕಾಲಿಡಬಾರದು ಎಂಬುದಕ್ಕೂ ಒಂದು ಗಂಟಿದೆ, ಸಂಧಿವಾತದ್ದು.

ನಮ್ಮ ಒಬ್ಬಳೇ ಮಗಳು ವನಮಾಲಾಳನ್ನು ಆಚೆ ದಂಡೆಗೆ ಕೊಟ್ಟಿದ್ದೆವು. ಅವಳಿಗೆ ದಿನ ತುಂಬಿತ್ತು. ಹಿಂದಿನ ವರ್ಷ ಮೊದಲ ಬಸಿರು ಕೈಗೆ ಹತ್ತಿರಲಿಲ್ಲ. ಆ ಸಲ ಅವಳ ಜೀವ ಉಳಿದದ್ದೇ ಅವಳ ಅಮ್ಮನ ಕೈಯಿಂದ. ಈ ಸಲ ಬಾಣಂತನಕ್ಕೆ ತವರಿಗೆ ಬರಬೇಕಿದ್ದವಳು ದೋಣಿ ನಿಂತದ್ದರಿಂದ ಅಲ್ಲೇ ಉಳಿದಳು. "ನೀನು ಬರಕ್ಕಾಗ್ದಿದ್ರೆ ನಾನೇ ಬರ್ತೀನಿ, ಹೆದರ್ಕೋಬೇಡ" ಎಂದು ಸರ್ವಮಂಗಳ ಹರಿಗೋಲಿನವನ ಕೈಲಿ ಹೇಳಿ ಕಳಿಸಿದ್ದಳು. ಹೇಳಿ ಕಳಿಸಿದ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಅನ್ನ ಮುಂದಿಟ್ಟರೆ ಕಲಸಿಕೊಂಡು ಹಾಗೇ ಕೂರುತ್ತಿದ್ದಳು. ನನಗೂ ಹೆದರಿಕೆಯೇ. ನಾನು ಅದನ್ನು ಹೊಲಿಗೆ ಯಂತ್ರ ಜೋರಾಗಿ ತುಳಿದು ಮರೆಯುತ್ತಿದ್ದೆ.

ಅಂತೂ ಆಚೆಯವರು ದ್ಯಾಮನಗೌಡರನ್ನು ಕಳಿಸಿದರು. ಒಳ್ಳೆಯ ಕೆಂಡದಂಥ ಜ್ವರದ ಜೊತೆ ಬಂದಿದ್ದರು. ಸಿಸ್ಟರುಗಳಿಗೆಲ್ಲ ಹಬ್ಬ. ಜಲಜಾಕ್ಷಿಯವರು ಅವತ್ತೇ ಕಟ್ಟಿಬಿಡೋಣ ಎಂದರು. ಸರ್ವಮಂಗಳ ಒಪ್ಪಲಿಲ್ಲ. ಜ್ವರದ ಬಡಬಡಿಕೆಯಲ್ಲಿ ಆಡಿದ ಮಾತನ್ನು ಕಟ್ಟಿದರೆ ಅದು ಸಂಧಾನವಲ್ಲ, ಮೋಸ ಎಂದಳು. ತಾನೇ ವಾರ್ಡಿನಲ್ಲಿ ನಿಂತಳು. ಹಣೆಗೆ ಒದ್ದೆ ಬಟ್ಟೆ, ಬಾಯಿಗೆ ಗಂಜಿ ತಿಳಿ, ಮೈಗೆ ಒಣ ಬಟ್ಟೆ, ಅದರ ನಡುನಡುವೆ ದೋಣಿಯ ಮಾತು.

"ಅಕ್ಕಾರ, ದೋಣಿ ನಮ್ಮ ದಂಡಿಗೇ ಮಲಗಬೇಕ್ರಿ" ಎಂದು ಗೌಡರು ಹೊದಿಕೆಯೊಳಗಿನಿಂದ ನರಳಿದರು. "ಮಗ್ಗಲಾ ಬದಲಿಸಿದ್ರ ಅದಕ್ಕ ನಿದ್ದಿ ಬರೂದಿಲ್ಲ."

"ದೋಣಿ ನಿದ್ದೆ ಆಮೇಲೆ ನೋಡೋಣ ಗೌಡ್ರೆ. ಮೊದ್ಲು ನೀವು ಈ ಮಗ್ಗುಲಿಗೆ ತಿರುಗಿ, ಬೆನ್ನು ಒರೆಸ್ತೀನಿ" ಎಂದಳು ಸರ್ವಮಂಗಳ.

ಬೆನ್ನು ಒರೆಸಿಕೊಂಡವನು ಎಷ್ಟು ಹೊತ್ತು ಹಟ ಮಾಡಿಯಾನು? ಎರಡು ದಿನ ಕಳೆಯುವಷ್ಟರಲ್ಲಿ, ಒಂದು ರಾತ್ರಿ ಆ ದಂಡೆ ಒಂದು ರಾತ್ರಿ ಈ ದಂಡೆ, ಮೊದಲ ರಾತ್ರಿ ಅವರದು ಎಂದು ಮಾತು ಕೂಡಿಬಂತು. ಸಂಜೆಗೆ ಗಂಟು ಹಾಕುವುದೆಂದು ನಿಶ್ಚಯವಾಯಿತು. ಅವತ್ತು ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ವಾರ್ಡಿನ ಬಾಗಿಲಿಗೆ ಹೋದೆ, ಗಂಡಂದಿರಿಗೆ ಬಾಗಿಲವರೆಗೆ ಮಾತ್ರ ಪ್ರವೇಶ. ಗೌಡರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಕೆನ್ನೆಗೆ ಬಣ್ಣ ಬಂದಿತ್ತು.

"ಅಕ್ಕಾರ, ಹಸಿವಿ ಆಗೇತ್ರಿ. ಗಂಜಿ ಸಾಕು, ರೊಟ್ಟಿ ಪಲ್ಯಾ ಇದ್ರ ಕೊಡ್ರಿ" ಎನ್ನುತ್ತಿದ್ದರು.

ಸರ್ವಮಂಗಳ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿದಳು. ಕೊಡವಿ ಮತ್ತೆ ಇಟ್ಟು ಮತ್ತೆ ನೋಡಿದಳು. ಜ್ವರ ಬಿಟ್ಟುಹೋಗಿತ್ತು. ಉಳಿಕೆ ಅಂತ ಹೇಳಿಕೊಳ್ಳುವುದಕ್ಕೂ ಏನೂ ಉಳಿದಿರಲಿಲ್ಲ. ಉಳಿಕೆ ಜ್ವರದ ಮೇಲೆ ಇಷ್ಟು ದಪ್ಪದ ಪುಸ್ತಕ ಬರೆದವಳು ತನ್ನ ರೋಗಿಯನ್ನು ನೆಟ್ಟಗೆ ವಾಸಿ ಮಾಡಿಬಿಟ್ಟಿದ್ದಳು. ತಲೆ ಬರೆದದ್ದನ್ನು ಕೈ ಓದಿರಲಿಲ್ಲ. ನನಗೆ ನಗು ಬಂತು, ಆದರೆ ಅವಳ ಮುಖ ನೋಡಿ ನುಂಗಿಕೊಂಡೆ.

ಆಮೇಲೆ ನಡೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಆಸ್ಪತ್ರೆ ಅನ್ನಿಸಿಕೊಂಡ ಜಾಗದಲ್ಲಿ ಹತ್ತಾರು ಸಿಸ್ಟರುಗಳು ಸೇರಿ ಆರೋಗ್ಯವಂತನೊಬ್ಬನನ್ನು ಕಾಯಿಲೆ ಬೀಳಿಸಲು ಸೊಂಟ ಕಟ್ಟಿ ನಿಂತರು. ಗೌಡರು ಪಾಪ, ಸಜ್ಜನರು. ಅವರಿಗೂ ಒಪ್ಪಂದ ಬೇಕಾಗಿತ್ತು. ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಸಿಸ್ಟರುಗಳು ಅವರ ತಲೆಗೆ ತಣ್ಣೀರು ಸುರಿದು ಗಾಳಿಗೆ ಕೂರಿಸಿದರು. ಹಾಡು ಹೇಳಿದರು ಗೌಡರು. ಹಲಸಿನ ತೊಳೆಗಳನ್ನು ತಿನ್ನಿಸಿ ಮೇಲೆ ಮಜ್ಜಿಗೆ ಕುಡಿಸಿದರು. ಚೆನ್ನಾಗಿದೆ, ಇನ್ನಷ್ಟು ಇದೆಯೆ ಎಂದು ಕೇಳಿದರು ಗೌಡರು. ಜಲಜಾಕ್ಷಿಯವರು ಹರಳೆಣ್ಣೆಯ ಬಾಟಲಿ ತಂದರು. ಸರ್ವಮಂಗಳ ಅದನ್ನು ಕಿತ್ತುಕೊಂಡಳು.

"ನನ್ನ ರೋಗಿ ಮೈಗೆ ಬೇಕು ಬೇಕು ಅಂತ ಕೇಡು ಮಾಡಕ್ಕೆ ನಾನು ಬಿಡಲ್ಲ" ಎಂದಳು.

"ಅವರು ನಿಮ್ಮ ರೋಗಿ ಅಲ್ಲ ಸಿಸ್ಟರ್, ರಾಯಭಾರಿ" ಎಂದರು ಜಲಜಾಕ್ಷಿ.

"ಹಾಸಿಗೆ ಮೇಲಿರೋವರೆಗೂ ರೋಗಿ."

ಹೊತ್ತು ಇಳಿಯುವ ಸಮಯಕ್ಕೆ ಹರಿಗೋಲಿನವನು ಆಚೆಯಿಂದ ಸುದ್ದಿ ತಂದ. ವನಮಾಲಾಳಿಗೆ ಹೊಟ್ಟೆ ಕೆಳಗಿಳಿದಿದೆ, ಇನ್ನು ಇವತ್ತೋ ನಾಳೆಯೋ, ಅಮ್ಮ ಬಂದಳೇ ಎಂದು ಕೇಳುತ್ತಿದ್ದಾಳೆ. ಸರ್ವಮಂಗಳ ಬ್ಯಾಂಡೇಜಿನ ಸುರುಳಿ ತೆಗೆದಳು.

"ಕಟ್ಟೋಣ ಗೌಡ್ರೆ" ಎಂದಳು.

"ನನಗೇನೂ ಆಗಿಲ್ರೀ ಅಕ್ಕಾರ. ಕಲ್ಲುಗುಂಡಿನಂಗ ಅದೀನಿ. ಗಂಟು ನಿಂದರೂದಿಲ್ಲ" ಎಂದರು ಗೌಡರು ನಾಚಿಕೊಂಡು.

"ಗೊತ್ತು. ಆದ್ರೂ ಕಟ್ಟೋಣ. ಸುಮ್ನೆ ಕೂರಕ್ಕೆ ನನ್ನ ಕೈಲಿ ಆಗ್ತಿಲ್ಲ."

ವಿದ್ವಾಂಸೆಯಾದವಳು ತನ್ನ ವಿದ್ಯೆಗೆ ಹೀಗೆ ಬೆನ್ನು ತಿರುಗಿಸಿ ಗಂಟು ಹಾಕಿದ್ದನ್ನು ನೋಡಿ ವಾರ್ಡಿನಲ್ಲಿ ಗುಸುಗುಸು ಎದ್ದಿತು. ಜಲಜಾಕ್ಷಿಯವರು ಕನಿಕರದಿಂದ ತಲೆಯಾಡಿಸಿದರು. ಆ ಕನಿಕರ ನನಗೆ ಸೇರಲಿಲ್ಲ.

ಬೆಳಿಗ್ಗೆ ನಾನು ತಿಂಡಿ ಹಿಡಿದುಕೊಂಡು ಬಾಗಿಲಿಗೆ ಬರುವಾಗ ಇಡೀ ವಿಭಾಗ ವಾರ್ಡಿನಲ್ಲಿತ್ತು. ಗಂಟು ಹಾಗೇ ಇತ್ತು. ಬಿಗಿಯಾಗಿ, ಕಬ್ಬಿಣದ ಕಂಬಿಗೆ ಕಚ್ಚಿಕೊಂಡಿತ್ತು. ಜಲಜಾಕ್ಷಿಯವರು ಉಗುರಿನಿಂದ ಎಳೆದು ನೋಡಿದರು, ಒಂದು ಎಳೆಯೂ ಸಡಿಲವಾಗಲಿಲ್ಲ. ಅಂಬಿಗರ ಹಿರಿಯ ಗೂಳಪ್ಪ ಹುಟ್ಟು ಹೆಗಲ ಮೇಲಿಟ್ಟುಕೊಂಡು ಬಂದು ನಿಂತಿದ್ದ. ಗಂಟು ನಿಂತರೆ ಅವನು ಬಂದು ಕೇಳುವ ಪ್ರಶ್ನೆ ಒಂದೇ, ಅವನ ಅಜ್ಜನೂ ಅದನ್ನೇ ಕೇಳಿದ್ದು.

"ಯಾರ ಕಾಯಿಲೆ ತಾಯಿ? ಹೆಸರು ಹೇಳಿ, ದೋಣಿ ಬಿಚ್ತೀನಿ."

ಎಲ್ಲರೂ ಗೌಡರ ಮೇಲೆ ಬಿದ್ದರು. ಒಬ್ಬರು ನಾಲಿಗೆ ಚಾಚಿಸಿದರು, ಒಬ್ಬರು ಕಣ್ಣಿನ ರೆಪ್ಪೆ ಎಳೆದರು, ಇನ್ನೊಬ್ಬರು ಎದೆಗೆ ಕಿವಿಯಿಟ್ಟರು. ಮೊಣಕಾಲಿಗೆ ಬಡಿದು ನೋಡಿದರು. ಕಾಲು ಹಾರಿ ಗೂಳಪ್ಪನ ಹುಟ್ಟಿಗೆ ತಾಗಿತು. ಚಿಕ್ಕವರಿದ್ದಾಗ ಏನಾದರೂ ಆಗಿತ್ತೆ ಎಂದು ಕೇಳಿದರು. ಜಲಜಾಕ್ಷಿಯವರು ಆಗಲೇ 'ಅಗೋಚರ ಜ್ವರ' ಎಂಬ ಹೊಸ ಸಿದ್ಧಾಂತದ ಮೊದಲ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಹೇಳತೊಡಗಿದ್ದರು.

"ಹೊಟ್ಟಿನೋವು ಅಂತ ಬರಕೋರಿ ಅಕ್ಕಾರ, ನಾ ಹೂಂ ಅಂತೀನಿ" ಎಂದರು ಗೌಡರು, ಈ ಪರೀಕ್ಷೆಯಿಂದ ಪಾರಾದರೆ ಸಾಕೆಂದು.

"ನೋವಿದೆಯಾ?"

"ಇಲ್ರಿ."

ನೆಗಡಿ ಒಪ್ಪಂದದ ದಿಬ್ಬಣ ಎಲ್ಲರ ಕಣ್ಣ ಮುಂದೆ ತೇಲಿಹೋಯಿತು. ಯಾರೂ ಬರೆದುಕೊಳ್ಳಲಿಲ್ಲ.

ಇಷ್ಟು ಹೊತ್ತೂ ಸರ್ವಮಂಗಳ ಗೋಡೆಯ ಪಕ್ಕ ನಿಂತಿದ್ದಳು. ಒಂದು ಕೈಯನ್ನು ಕಿಟಕಿಯ ಸರಳಿಗೆ ಊರಿದ್ದಳು. ಇನ್ನೊಂದು ಕೈ ಸೊಂಟದ ಹಿಂದೆ ಇತ್ತು. ಅಷ್ಟು ಕಲಿತ ಸಿಸ್ಟರುಗಳಲ್ಲಿ ಒಬ್ಬರೂ ಅವಳ ಕಡೆ ನೋಡಿರಲಿಲ್ಲ. ಮಂಚದ ಮೇಲಿರುವವನನ್ನು ನೋಡುವುದು ಅವರಿಗೆ ರೂಢಿ. ನಾನು ನೋಡಿದೆ. ಮದುವೆಯಾದ ಮಾರನೆಯ ವರ್ಷ ನೆಲಕ್ಕೆ ಬಿದ್ದ ಒಬ್ಬ ಭಾರದ ರಾಯಭಾರಿಯನ್ನು ಒಬ್ಬಳೇ ಎತ್ತಿ ಮಂಚಕ್ಕೆ ಹಾಕಿದ್ದಳು. ಅವತ್ತು ಹಿಡಿದ ಬೆನ್ನು ಇವತ್ತಿನವರೆಗೆ ಬಿಟ್ಟಿಲ್ಲ. ಎಳ್ಳೆಣ್ಣೆ ಹಚ್ಚುವವನು ನಾನೇ. ಅದು ಕಾಯಿಲೆ ಎಂದು ಅವಳು ಒಂದು ದಿನವೂ ಹೇಳಿದವಳಲ್ಲ. ದಿನಾ ಹಚ್ಚುವ ನನಗೂ ಅದು ಕಾಯಿಲೆ ಎಂದು ಹೊಳೆದಿರಲಿಲ್ಲ, ಹೆಂಡತಿಯ ಬೆನ್ನು ಇರುವುದೇ ಹೀಗೆ ಅಂದುಕೊಂಡಿದ್ದೆ. ಈಗ ಹೊಳೆಯಿತು. ಕಂಬಿಯ ಮೇಲಿದ್ದ ಗಂಟನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ನನಗಿಂತ ಮುಂಚೆಯೇ ಅವಳಿಗೆ ಗೊತ್ತಾಗಿತ್ತು. ನಾನು ಬಾಯಿ ಬಿಡಬಹುದಿತ್ತು, ಆದರೆ ಅವಳ ಬೆನ್ನಿನ ಮಾತು ಅವಳೇ ಹೇಳಬೇಕಾದದ್ದು. ಹೇಳಿದರೆ ಏನಾಗುತ್ತದೆ ಎಂಬುದೂ ಇಬ್ಬರಿಗೂ ಗೊತ್ತಿತ್ತು. ವಾರ್ಡು ಹೋಗಿ ಉಗ್ರಾಣ ಬರುತ್ತದೆ. ಅದಾದರೂ ಹೋಗಲಿ. ಯಾರ ಕಾಯಿಲೆಯ ಹೆಸರಿನಲ್ಲಿ ಗಂಟು ನಿಂತಿದೆಯೋ ಅವರು ಹುಣ್ಣಿಮೆಯವರೆಗೆ ಆ ಮಂಚ ಬಿಟ್ಟು ಇಳಿಯಬಾರದು, ಇಳಿದರೆ ಗಂಟು ಸಡಿಲವಾಗುತ್ತದೆ. ಹೇಳಿದರೆ ದೋಣಿ ಹೋಗುತ್ತದೆ, ಅವಳು ಹೋಗುವುದಿಲ್ಲ. ಹೇಳದಿದ್ದರೆ ದೋಣಿಯೂ ಇಲ್ಲ. ನಾನೇ ಬರ್ತೀನಿ ಎಂದು ಮಗಳಿಗೆ ಹೇಳಿ ಕಳಿಸಿದ್ದ ಮಾತು ಈಗ ಅವಳನ್ನು ಹಿಡಿದು ನಿಲ್ಲಿಸಿದ್ದು ನನಗೆ ಬಾಗಿಲಲ್ಲೇ ಕಾಣುತ್ತಿತ್ತು.

"ಅವರನ್ನ ಬಿಡಿ" ಎಂದಳು ಸರ್ವಮಂಗಳ. "ಕಾಯಿಲೆ ನಂದು."

ಯಾರಿಗೂ ಅರ್ಥವಾಗಲಿಲ್ಲ.

"ಬೆನ್ನುನೋವು. ಕೇಳ್ಕೊಳ್ಳಿ ಗೂಳಪ್ಪ. ನಿಂತ್ರೂ ನೋವು, ಬಗ್ಗಿದ್ರೂ ನೋವು. ವನಮಾಲ ಹುಟ್ಟೋಕ್ ಮುಂಚಿಂದ."

ಜಲಜಾಕ್ಷಿಯವರ ಮುಖ ಬಿಳಿಚಿತು. ಅವರಿಗೆ ಮೊದಲು ನೆನಪಾದದ್ದು ಪುಸ್ತಕಗಳು. "ಸಿಸ್ಟರ್, ಹಾಗನ್ನಬೇಡಿ. ನಮ್ಮ ಕಡೆಯವರಿಗೆ ಕಾಯಿಲೆ ಇದ್ರೆ... ಹಾಗಾದ್ರೆ ನೆಗಡಿ ಒಪ್ಪಂದ ಬೆಳಿಗ್ಗೆವರೆಗೆ ನಿಂತದ್ದು..." ಎಂದವರು ಅಲ್ಲಿಗೇ ನಿಲ್ಲಿಸಿದರು. ಆ ಗಂಟು ಕಟ್ಟಿದ್ದ ಸಿಸ್ಟರ್ ಅವರ ಸ್ವಂತ ಅತ್ತೆ. ಕೊನೆಗಾಲದಲ್ಲಿ ಅವರನ್ನು ಎತ್ತಿ ಕೂರಿಸುತ್ತಿದ್ದವರು ಇವರೇ. ಜಲಜಾಕ್ಷಿಯವರು ಬಾಗಿಲ ಮೇಲಿನ ರೆಬೆಕ್ಕಮ್ಮನವರ ಫೋಟೋ ನೋಡಿದರು. ಎಲ್ಲರೂ ನೋಡಿದರು. ಕಿಟಕಿಯ ಸರಳಿಗೆ ಊರಿದ ಆ ಕೈಯನ್ನು ಇಡೀ ವಿಭಾಗ ಅವತ್ತು ಮೊದಲ ಸಲ ನೋಡಿತು.

ಜಲಜಾಕ್ಷಿಯವರು ಹತ್ತಿರದ ಸ್ಟೂಲಿನ ಮೇಲೆ ಕೂತುಬಿಟ್ಟರು. ಕೆಲಸದ ಹೊತ್ತಿನಲ್ಲಿ ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ನಂದು ಮಂಡಿ" ಎಂದರು ಮೆಲ್ಲಗೆ.

"ನನಗೆ ತಿಂಗಳು ತಿಂಗಳು ತಲೆ ಸಿಡಿದುಹೋಗುತ್ತೆ" ಎಂದಳು ಬಾಗಿಲ ಹತ್ತಿರವಿದ್ದ ಇನ್ನೊಬ್ಬ ಸಿಸ್ಟರ್. ಕಾಲಿನ ನರ ಅಂದರು ಒಬ್ಬರು, ಹೆರಿಗೆಯಾದಾಗಿನಿಂದ ಕೆಮ್ಮಿದರೆ ಭಯ ಅಂದರು ಇನ್ನೊಬ್ಬರು. ಎಣ್ಣೆಯ ವಿಷಯದಲ್ಲಿ ನಮ್ಮ ಕಟ್ಟೆಯವರು ಸುಮ್ಮನೆ ಅಷ್ಟು ಪರಿಣತರಾಗಿರಲಿಲ್ಲ ಎಂದು ನನಗೆ ಹೆಮ್ಮೆಯಾಯಿತು, ಮರುಕ್ಷಣ ಆ ಹೆಮ್ಮೆಗೇ ನಾಚಿಕೆಯಾಯಿತು. ಎಲ್ಲರನ್ನೂ ಉಗ್ರಾಣಕ್ಕೆ ಕಳಿಸಿದರೆ ಉಗ್ರಾಣದಲ್ಲಿ ಜಾಗ ಸಾಲದು ಎಂದು ಯಾರೋ ಅಂದರು. ನಕ್ಕರು ಎಲ್ಲರೂ, ಅಳುತ್ತಲೇ ನಕ್ಕರು.

ದ್ಯಾಮನಗೌಡರು ಮಂಚದಿಂದ ಇಳಿದರು. ಹೊದಿಕೆ ಕೊಡವಿದರು, ದಿಂಬು ತಟ್ಟಿ ಸರಿಮಾಡಿದರು.

"ಇಲ್ಲಿ ಮಲಕೋರಿ ಅಕ್ಕಾರ" ಎಂದರು. "ಹಾಸಿಗಿ ಬೆಚ್ಚಗೈತಿ."

ಸರ್ವಮಂಗಳ ಮಂಚದ ತುದಿಯಲ್ಲಿ ಕೂತಳು. ಅಲ್ಲಿಂದ ಮುಂದೆ ಏನು ಮಾಡಬೇಕೆಂದು ಗೊತ್ತಾಗದವಳ ಹಾಗೆ ಕೂತೇ ಇದ್ದಳು. ಇಷ್ಟು ಜನರನ್ನು ಮಲಗಿಸಿದವಳಿಗೆ ಮಲಗುವುದು ಬರುತ್ತಿರಲಿಲ್ಲ. ಜಲಜಾಕ್ಷಿಯವರೇ ಕುಂಟುತ್ತ ಬಂದು ಅವಳ ಕಾಲೆತ್ತಿ ಮೇಲಿಟ್ಟರು. ಸೊಂಟದ ಕೆಳಗೆ ಮಡಿಸಿದ ಬಟ್ಟೆ ಕೊಟ್ಟರು. ನನ್ನನ್ನು ಬಾಗಿಲಿನಿಂದ ಒಳಗೆ ಕರೆದರು. ಗಂಡನೊಬ್ಬ ಆ ಹೊಸ್ತಿಲು ದಾಟಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ, ಅವತ್ತು ಅದಕ್ಕಿಂತ ದೊಡ್ಡ ದೊಡ್ಡವು ಮುರಿದುಬಿದ್ದಿದ್ದವು.

"ರೀ, ನೀವೇ ಹೋಗಬೇಕು" ಎಂದಳು ಸರ್ವಮಂಗಳ.

"ನಾನಾ? ಹೆರಿಗೆ ಮನೆಗಾ? ನನಗೇನೇ ಗೊತ್ತು?"

"ಸೂಲಗಿತ್ತಿ ಇದ್ದಾಳೆ, ಒಳ್ಳೆಯವಳು. ನೀವು ಕೈ ತೊಳ್ಕೊಂಡು ಅವಳ ತಲೆ ಹತ್ರ ಕೂತ್ಕೊಳ್ಳಿ. ನೋವು ಬಂದಾಗ ಸೊಂಟದ ಈ ಜಾಗ ಒತ್ತಬೇಕು. ನನಗೆ ಒತ್ತೋ ಹಾಗೇನೇ. ನಿಮಗೆ ಬರುತ್ತೆ." ನನ್ನ ಕೈ ನೋಡುತ್ತ ಹೇಳಿದಳು, "ಚೆನ್ನಾಗಿ ಬರುತ್ತೆ ನಿಮಗೆ. ನಾನು ಯಾವತ್ತೂ ಹೇಳಿಲ್ಲ."

ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ಹೆಗಲು ಅಲುಗುತ್ತಿತ್ತು. ಮಗಳ ಬಳಿ ತಾನಿರಬೇಕಿತ್ತು ಎಂಬ ಸಂಕಟ ಅದು, ಅದಕ್ಕೆ ಯಾವ ಎಣ್ಣೆಯೂ ಇಲ್ಲ. ನಾನು ಅವಳ ತಲೆ ಸವರಿ ಗೂಳಪ್ಪನ ಹಿಂದೆ ಓಡಿದೆ.

ಬೆನ್ನುನೋವಿನ ಒಪ್ಪಂದದ ಮೊದಲ ದೋಣಿಯಲ್ಲಿ ಇದ್ದವರು ನಾನು, ಗೂಳಪ್ಪ, ಹಲಸಿನ ಹಣ್ಣು ಹೊತ್ತ ದ್ಯಾಮನಗೌಡರು. ನಡುನೀರಿಗೆ ಬಂದಾಗ ಉಸಿರು ಬಿಗಿಹಿಡಿದು ಕೂತೆ. ದೋಣಿ ನೆಟ್ಟಗೆ ಸಾಗಿತು.

ಆಚೆ ದಂಡೆಯ ಮನೆಯಲ್ಲಿ ಬೀಗಿತ್ತಿ ನನ್ನನ್ನು ಕಂಡು ಸೆರಗು ಹೊದ್ದುಕೊಂಡು ದಾರಿಗೆ ಅಡ್ಡ ನಿಂತರು. "ಗಂಡಸರು ಒಳಗ ಬರಬಾರ್ದ್ರಿ ಬೀಗರ" ಎಂದರು. ಪ್ರೊಫೆಸರ್ ಸಿಸ್ಟರ್ ಕಳಿಸಿದ್ದಾರೆ ಎಂದೆ. ದಾರಿ ಬಿಟ್ಟರು. ಕೈ ತೊಳೆದುಕೊಂಡೆ. ವನಮಾಲ ಗೋಡೆಗೆ ಒರಗಿ ಕೂತಿದ್ದಳು, ಕೂದಲು ಹಣೆಗೆ ಅಂಟಿತ್ತು. ನನ್ನ ಹಿಂದೆ ಬಾಗಿಲಲ್ಲಿ ಇನ್ನೊಬ್ಬರು ಬರುತ್ತಾರೆಂದು ಕಾದಳು. ಬರಲಿಲ್ಲ.

"ಅಮ್ಮ ಎಲ್ಲಪ್ಪ?"

ದಾರಿಯುದ್ದಕ್ಕೂ ಯೋಚಿಸಿಟ್ಟುಕೊಂಡಿದ್ದ ಸಮಾಧಾನದ ಮಾತುಗಳೆಲ್ಲ ಮರೆತುಹೋದವು. ಇದ್ದದ್ದನ್ನೇ ಹೇಳಿದೆ.

"ಮಲಗಿದ್ದಾಳೆ ಮಗಾ. ಬೆನ್ನುನೋವು."

ವನಮಾಲ ನನ್ನ ಮುಖವನ್ನೇ ನೋಡಿದಳು. ಸಿಟ್ಟಾಗುತ್ತಾಳೆ, ಇಲ್ಲ ಹೆದರುತ್ತಾಳೆ ಅಂದುಕೊಂಡೆ.

"ಹಗಲು ಹೊತ್ತಲ್ಲಿ? ಅಮ್ಮ?" ಎಂದಳು. "ಮಂಚದ ಮೇಲೆ ಮಲಗಿದ್ದಾಳಾ?"

"ಹೂಂ. ಹೊದ್ದುಕೊಂಡು."

ಅವಳ ಕಣ್ಣು ತುಂಬಿ ಬಂತು. ಅಷ್ಟು ನೋವಿನ ನಡುವೆಯೂ ಮುಖದಲ್ಲಿ ಏನೋ ಸಡಿಲವಾಯಿತು, ನಕ್ಕಹಾಗೂ ಇತ್ತು. ಹುಟ್ಟಿದಾಗಿನಿಂದ ತನ್ನ ಅಮ್ಮ ಹಗಲಿನಲ್ಲಿ ಮಲಗಿದ್ದನ್ನು ಕಂಡವಳಲ್ಲ ಅವಳು. ನಾನು ಅವಳ ಬೆನ್ನ ಹಿಂದೆ ಕೂತು ಸರ್ವಮಂಗಳ ತೋರಿಸಿದ ಜಾಗ ಹುಡುಕಿ ಹೆಬ್ಬೆರಳಿನಿಂದ ಒತ್ತಿದೆ.

"ಯಾರೂ ಎಬ್ಬಿಸಬೇಡಿ ಅಂತ ಹೇಳಿ ಬಂದ್ರಾ ಅಪ್ಪ?" ಎಂದು ಕೇಳಿದಳು.

ಹೇಳಿ ಬಂದಿರಲಿಲ್ಲ. ಹೇಳಿದ್ದೀನಿ ಎಂದೆ. ಮುಂದಿನ ನೋವು ಬಂತು, ಅವಳು ಹಲ್ಲು ಕಚ್ಚಿಕೊಳ್ಳಲಿಲ್ಲ, ಬಾಯಿ ತೆರೆದು ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು.